ಕೆಂಪು ಗೆರೆ ಸುತ್ತಿದ ಆ ಒಂದು ಸಾಲು

ಭಾನುವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಪ್ರಸನ್ನ ಭಾವ ನಮ್ಮ ಮನೆಯವರ ಗುಂಪಿಗೆ ಒಂದು ಫೋಟೋ ಹಾಕಿದರು. ಗಿರೀಶಣ್ಣನ ಮಗಳು ನಿಧಿ ನ್ಯೂಜೆರ್ಸಿಯಲ್ಲಿ ಈ ವರ್ಷ ಹನ್ನೊಂದನೇ ಕ್ಲಾಸು. ಅವಳ ಅಮೆರಿಕ ಇತಿಹಾಸದ ಕ್ಲಾಸಿನ ನಿಯಮಗಳ ಹಾಳೆ ಅದು. ವರ್ಷದ ಮೊದಲ ವಾರದಲ್ಲೇ ಟೀಚರ್ ಅದನ್ನು ಮಕ್ಕಳ ಕೈಲಿ ಕೊಟ್ಟು ಕಳಿಸುತ್ತಾರೆ. ಅಪ್ಪ ಅಮ್ಮ ಓದಿ ಸಹಿ ಹಾಕಬೇಕು. ಸುಮಾ ಅತ್ತಿಗೆ ಅದರ ಒಂದು ಪುಟವನ್ನು ಸ್ಟೇಟಸ್‌ಗೆ ಹಾಕಿದ್ದರು. ಭಾವ ಸ್ಕ್ರೀನ್‌ಶಾಟ್ ತೆಗೆದು, ಒಂದು ಸಾಲಿಗೆ ಕೆಂಪು ಗೆರೆ ಸುತ್ತಿ, ಕೆಳಗೆ ಬರೆದಿದ್ದರು:

"ಅಮೆರಿಕದ ಶಿಕ್ಷಣ ನೋಡಿ. ಏನೂ ಬರೆಯದಿದ್ದರೂ 50 ಮಾರ್ಕ್ಸ್ ಗ್ಯಾರಂಟಿ!"

ನಾನು ಹದಿನಾರು ವರ್ಷದಿಂದ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಇಂಥದ್ದು ಕಂಡರೆ ಸುಮ್ನೆ ಮುಂದೆ ಹೋಗಲು ಆಗುವುದಿಲ್ಲ. ಫೋಟೋ ಹಿಗ್ಗಿಸಿ ನೋಡಿದೆ. ಭಾವ ಬೆರಳಲ್ಲೇ ಎಳೆದ ಗೆರೆ ದಪ್ಪಗಿತ್ತು. ಅದರ ಕೆಳಬದಿ ಮುಂದಿನ ಸಾಲಿನ ಮೇಲೇ ಹಾದುಹೋಗಿತ್ತು. ಎಡಗಡೆ ಎರಡು ಪದ ಮಾತ್ರ ಕಾಣುತ್ತಿತ್ತು, 'ಒಪ್ಪಿಸಿದ ಕೆಲಸಕ್ಕೆ' ಎಂಬರ್ಥದ್ದು. ಉಳಿದದ್ದು ಕೆಂಪಿನ ಅಡಿಯಲ್ಲಿ.

ಅಷ್ಟರಲ್ಲಿ ದೊಡ್ಡಪ್ಪ ಬಂದಿದ್ದರು. ನಿಧಿ ಅವರ ಸ್ವಂತ ಮೊಮ್ಮಗಳು.

ದೊಡ್ಡಪ್ಪ: ಶಿಸ್ತಿಲ್ಲದ ವಿದ್ಯೆ ಬೇಲಿ ಇಲ್ಲದ ತೋಟ. ನಾನು ಹೆಡ್‌ಮಾಸ್ಟರ್ ಆಗಿದ್ದಾಗ ಸೊನ್ನೆ ಅಂದರೆ ಸೊನ್ನೆ. ಪುಕ್ಕಟೆ ಮಾರ್ಕ್ಸ್ ಕೊಟ್ಟು ಮಕ್ಕಳನ್ನು ಉದ್ಧಾರ ಮಾಡಿದವರು ಯಾರೂ ಇಲ್ಲ.

ಕಾರ್ತಿಕ: ಭಾವ, ಇಡೀ ಹಾಳೆ ಹಾಕಿ. ಇದು ಎಷ್ಟನೇ ಪುಟ? ಹಿಂದೆ ಮುಂದೆ ಏನಿದೆ?

ಪ್ರಸನ್ನ ಭಾವ: ಫೋಟೋ ಕಣ್ಣ ಮುಂದೆಯೇ ಇದೆಯಲ್ಲಪ್ಪ. ಇದಕ್ಕೂ ಸಾಕ್ಷಿ ಬೇಕಾ?

ಕಾರ್ತಿಕ: ಹೋದ ಸಲ ಬ್ಯಾಂಕ್ ಐದು ದಿನ ಬಂದ್ ಅಂತ ಹಾಕಿದ್ದೂ ನೀವೇ. ಅಮ್ಮ ಮಳೆಯಲ್ಲಿ ಎರಡು ಗಂಟೆ ಕ್ಯೂ ನಿಂತು ಬಂದಳು. ಬ್ಯಾಂಕ್ ಒಂದು ದಿನವೂ ಮುಚ್ಚಲಿಲ್ಲ.

ಪ್ರಸನ್ನ ಭಾವ: ಅದನ್ನು ಇನ್ನೂ ಬಿಟ್ಟಿಲ್ವಾ ನೀನು?

ಪದ್ಮಕ್ಕ: ಅಯ್ಯೋ ಜಗಳ ಬೇಡ. ನಮಗೆ ಇತಿಹಾಸ ಅಂದರೆ ನೆನಪಿರುವುದು ಒಂದೇ. ಅಶೋಕನು ಸಾಲುಮರಗಳನ್ನು ನೆಡಿಸಿದನು, ಕೆರೆ ಬಾವಿಗಳನ್ನು ತೋಡಿಸಿದನು! ಯಾವ ರಾಜನ ಸಾಧನೆ ಕೇಳಿದರೂ ಇದೇ ಬರೆಯುತ್ತಿದ್ದೆವು 😄

ಅಲ್ಲಿಂದ ಮುಂದೆ ಒಂದು ಗಂಟೆ ಅಶೋಕನೇ. ಪಾಣಿಪತ್ ಕದನ 1526, 1556, 1761 ಎಂದು ಒಬ್ಬರು ಹೇಳಿದರೆ, ಹಾಳೆಗೆ ಎಣ್ಣೆ ಸವರಿ ಭಾರತದ ನಕ್ಷೆ ಇಳಿಸಿಕೊಳ್ಳುತ್ತಿದ್ದದ್ದನ್ನು ಇನ್ನೊಬ್ಬರು ನೆನೆಸಿಕೊಂಡರು. ಓದುತ್ತಾ ನನಗೂ ಖುಷಿಯಾಯಿತು. ಆ ಎಣ್ಣೆ ಹಾಳೆಯ ವಾಸನೆ ನನಗೂ ಗೊತ್ತು.

ತಿಂಡಿ ಮುಗಿಸಿ ಬಂದು ನಾನು ಬರೆದೆ. ಅಲ್ಲಿನ ಬಹಳಷ್ಟು ಶಾಲೆಗಳಲ್ಲಿ 90ರ ಮೇಲೆ ಎ, 80ರ ಮೇಲೆ ಬಿ, 70ರ ಮೇಲೆ ಸಿ, 60ರ ಮೇಲೆ ಡಿ. ಅದಕ್ಕಿಂತ ಕೆಳಗೆ ಫೇಲು. ನಮ್ಮ ಕಾಲದ 35 ತಲೆಯಲ್ಲಿಟ್ಟುಕೊಂಡು ಅಲ್ಲಿನ 50 ನೋಡಿದರೆ ತಪ್ಪಾಗುತ್ತದೆ. ಅಲ್ಲಿ 50 ಅಂದರೂ ಫೇಲೇ. ಒಬ್ಬ ಹುಡುಗ ಮೂರು ಸಲ 90 ತೆಗೆದು, ಒಂದು ಸಲ ಜ್ವರ ಬಂದೋ ಮತ್ತೇನೋ ಆಗಿ ಸೊನ್ನೆ ತೆಗೆದ ಎಂದುಕೊಳ್ಳಿ. ಸರಾಸರಿ 67.5, ಡಿ ಗ್ರೇಡು. ಆ ಸೊನ್ನೆಯ ಜಾಗದಲ್ಲಿ 50 ಇದ್ದರೆ ಸರಾಸರಿ 80, ಬಿ ಗ್ರೇಡು. ಒಂದು ಸೊನ್ನೆ ಮೂರು ತಿಂಗಳ ಕೆಲಸವನ್ನು ನುಂಗಬಾರದು ಎಂದು ಕೆಲವು ಟೀಚರ್‌ಗಳು ಈ ನಿಯಮ ಇಟ್ಟುಕೊಂಡಿದ್ದಾರೆ. ಮಾಡದ ಕೆಲಸಕ್ಕೆ ಮಾರ್ಕ್ಸ್ ಯಾಕೆ ಎಂದು ಅಲ್ಲಿಯ ಬೇರೆ ಟೀಚರ್‌ಗಳೇ ಇದನ್ನು ವಿರೋಧಿಸುತ್ತಾರೆ. ಎರಡರಲ್ಲೂ ಹುರುಳಿದೆ. ಆದರೆ ನಿಧಿಯ ಹಾಳೆಯಲ್ಲಿ 'ಒಪ್ಪಿಸಿದ ಕೆಲಸಕ್ಕೆ' ಅಂತ ಇದೆ, ಪೂರ್ತಿ ಓದೋಣ.

ಇಷ್ಟು ಬರೆದದ್ದಕ್ಕೆ ಕಾರ್ತಿಕ ಒಂದು ಹೆಬ್ಬೆರಳು ಒತ್ತಿದ. ಭಾವನ ಉತ್ತರ ಬೇರೆಯೇ ಇತ್ತು.

ಪ್ರಸನ್ನ ಭಾವ: ಟೀಚರಮ್ಮ ಗಿರೀಶನ ಪರ ವಕಾಲತ್ತಿಗೆ ಬಂದರು. ಮೇ ತಿಂಗಳಲ್ಲಿ ನಮ್ಮನೆಗೆ ಊಟಕ್ಕೆ ಬಂದಾಗ, ನಿಮ್ಮ ಹುಡುಗನ ಸ್ಕೂಲು ಬರೀ ಬಾಯಿಪಾಠ, ಅವನಿಗೆ ಯೋಚನೆ ಮಾಡೋದು ಕಲಿಸಿಲ್ಲ ಅಂದದ್ದು ಯಾರು? ಪದ್ಮ ಸೀಕರಣೆ ಬಡಿಸುತ್ತಿದ್ದಳು. ಹುಡುಗ ಪಕ್ಕದಲ್ಲೇ ಕೂತಿದ್ದ. ಊಟ ಬಿಟ್ಟು ಎದ್ದು ಹೋದ. ಆವಾಗ ಯಾರೂ ಇಡೀ ಹಾಳೆ ಓದಿ ಅನ್ನಲಿಲ್ಲ.

ಅದನ್ನು ಓದಿ ನನಗೆ ಮಾತೇ ಹೊರಡಲಿಲ್ಲ. ಆ ಊಟದಲ್ಲಿ ನಾನೂ ಇದ್ದೆ. ಭಾವ ಹೇಳಿದ್ದು ನಿಜ. ಆ ಹುಡುಗ ಎದ್ದದ್ದನ್ನು ನೋಡಿಯೂ ನಾನು ಸುಮ್ಮನಿದ್ದೆ. ನಾಲ್ಕು ತಿಂಗಳಿಂದ ಅವರ ಮನಸ್ಸಲ್ಲಿದ್ದ ನೋವು ಈ ಹಾಳೆ ಸಿಕ್ಕ ಕೂಡಲೇ ಹೊರಗೆ ಬಂದಿತ್ತು. ನಿಧಿಯ ಟೀಚರ್‌ಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಆಮೇಲೆ ಅಜ್ಜಿಯ ವರ್ಷಾಂತಿಕಕ್ಕೆ ಯಾರು ಬಂದರು, ಯಾರು ಬರಲಿಲ್ಲ ಎಂಬಲ್ಲಿಗೆ ಮಾತು ಹೋಯಿತು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಸಂಜೆ ಐದಕ್ಕೆ, ಅಲ್ಲಿ ಬೆಳಿಗ್ಗೆ ಏಳೂವರೆ, ಸುಮಾ ಅತ್ತಿಗೆ ಎದ್ದು ಇಷ್ಟನ್ನೂ ನೋಡಿದ್ದಾರೆ. ಒಂದು ಮಾತೂ ಬರೆಯದೆ ನಾಲ್ಕು ಪುಟದ ಫೋಟೋ ಹಾಕಿದರು. ಕೊನೆಯ ಪುಟದಲ್ಲಿ ಅವರ ಸಹಿ, ನಿಧಿಯ ಸಹಿ.

ನಾನು ಜಗಲಿಯಲ್ಲಿ ಕೂತು ನಾಲ್ಕೂ ಪುಟ ಓದಿದೆ. ಹೀಗಿತ್ತು. ಕ್ಲಾಸಿಗೆ ಬಂದ ಕೂಡಲೇ ಫೋನನ್ನು ಗೋಡೆಗೆ ನೇತುಹಾಕಿದ ಚೀಲದಲ್ಲಿ ಇಡಬೇಕು, ಒಬ್ಬೊಬ್ಬರಿಗೆ ಒಂದೊಂದು ನಂಬರಿನ ಜೇಬು. ಪ್ರಯತ್ನಪಟ್ಟು ಬರೆದು ಒಪ್ಪಿಸಿದ ಕೆಲಸಕ್ಕೆ 50ಕ್ಕಿಂತ ಕಮ್ಮಿ ಇಲ್ಲ. ಒಪ್ಪಿಸದಿದ್ದರೆ ಸೊನ್ನೆ. ತಡವಾದರೆ ದಿನಕ್ಕೆ ಹತ್ತು ಮಾರ್ಕ್ಸ್ ಕಡಿತ, ಆದರೆ ಐದು ದಿನದವರೆಗೆ ತೆಗೆದುಕೊಳ್ಳುತ್ತಾರೆ. ಟೆಸ್ಟಲ್ಲಿ ಕಮ್ಮಿ ಬಂದರೆ, ಶಾಲೆ ಬಿಟ್ಟ ಮೇಲೆ ಟೀಚರ್ ಹತ್ತಿರ ಕೂತು ತಪ್ಪು ತಿದ್ದಿಕೊಂಡು ಒಂದು ಸಲ ಮತ್ತೆ ಬರೆಯಬಹುದು. ಎಐ ಬರೆದುಕೊಟ್ಟದ್ದನ್ನು ತನ್ನದೆಂದು ಒಪ್ಪಿಸಿದರೆ ಸೊನ್ನೆ, ಜೊತೆಗೆ ಮನೆಗೆ ಫೋನು. ಚರ್ಚೆಯಲ್ಲಿ ಮಾತನ್ನು ವಿರೋಧಿಸಿ, ಮಾತಾಡಿದವರನ್ನಲ್ಲ.

ಮೂರನೇ ಪುಟದಲ್ಲಿ ನನ್ನ ಕಣ್ಣು ನಿಂತಿತು. ಯಾವ ಹಳೆಯ ದಾಖಲೆ ಕೈಗೆ ಬಂದರೂ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು. ಇದನ್ನು ಬರೆದವರು ಯಾರು? ಯಾವಾಗ? ಯಾರು ಓದಲಿ ಅಂತ? ಯಾಕೆ?

ಪದ್ಮಕ್ಕ ಹೇಳಿದ ಅಶೋಕನ ಸಾಲು ನೆನಪಾಯಿತು. ಮರ ನೆಡಿಸಿದೆ, ಬಾವಿ ತೋಡಿಸಿದೆ ಎಂದದ್ದು ಅಶೋಕನೇ. ತನ್ನ ಶಾಸನಗಳಲ್ಲಿ ತಾನೇ ಕಲ್ಲಿನ ಮೇಲೆ ಕೆತ್ತಿಸಿದ ಮಾತು ಅದು. ನಾವು ಮೂರು ತಲೆಮಾರು ಅದನ್ನು ಬಾಯಿಪಾಠ ಮಾಡಿದೆವು. ಇದನ್ನು ಹೇಳಿದ್ದು ಯಾರು, ಯಾರಿಗೆ ಎಂದು ಒಬ್ಬರೂ ನಮ್ಮನ್ನು ಕೇಳಲಿಲ್ಲ. ಅಶೋಕ ಎಂಬ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅದನ್ನು ನಾನು ಕ್ಲಾಸಲ್ಲಿ ಹೇಳುತ್ತೇನೆ. ಆದರೆ ಅದರ ಒಂದು ಫೋಟೋವನ್ನು ಮಕ್ಕಳ ಮುಂದಿಟ್ಟು ಈ ನಾಲ್ಕು ಪ್ರಶ್ನೆ ಕೇಳಿಲ್ಲ. ಹದಿನಾರು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ.

ನಾಲ್ಕು ಪುಟಕ್ಕೆ ಗುಂಪಿನಲ್ಲಿ ಬಂದ ಮೊದಲ ಉತ್ತರ ಚಿಕ್ಕಮ್ಮನದು: "ಅಕ್ಷರ ತುಂಬ ಸಣ್ಣದು. ಯಾರಾದರೂ ಸಾರಾಂಶ ಹೇಳಿ."

ಆಮೇಲೆ ನಿಧಿಯೇ ಒಂದು ಧ್ವನಿ ಸಂದೇಶ ಕಳಿಸಿದಳು. ಅವಳ ಕನ್ನಡ ನಿಧಾನ, ಆದರೆ ಚೊಕ್ಕ. ಮೊದಲ ದಾಖಲೆಯಾಗಿ ಅವರಿಗೆ ಓದಲು ಕೊಟ್ಟದ್ದು 1923ರ ಅಮೆರಿಕ ಸುಪ್ರೀಂ ಕೋರ್ಟಿನ ಒಂದು ತೀರ್ಪಂತೆ, ಭಗತ್ ಸಿಂಗ್ ಥಿಂಡ್ ಎಂಬವರ ಪೌರತ್ವದ ಬಗ್ಗೆ. ಥಿಂಡ್ ಪಂಜಾಬಿನಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದರು. ಆಗಿನ ಕಾನೂನಿನಲ್ಲಿ ಹೊರಗಿಂದ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಸಾಮಾನ್ಯ ಮನುಷ್ಯನ ತಿಳುವಳಿಕೆಯಲ್ಲಿ ಇವರು ಬಿಳಿಯರಲ್ಲ ಎಂದು ಕೋರ್ಟು ಹೇಳಿಬಿಟ್ಟಿತು. 1936ರಲ್ಲಿ, ಮಾಜಿ ಸೈನಿಕರಿಗಾಗಿ ಮಾಡಿದ ಕಾನೂನಿನ ಅಡಿಯಲ್ಲಿ, ಅವರಿಗೆ ಕೊನೆಗೂ ಪೌರತ್ವ ಸಿಕ್ಕಿತು. "ಸಾಮಾನ್ಯ ಮನುಷ್ಯ ಅಂದರೆ ಯಾರು, ಅತ್ತೆ? ಅದನ್ನೇ ನಾನು ಬರೆಯುತ್ತಿದ್ದೇನೆ" ಎಂದು ಅವಳು ಕೇಳಿದಳು. ಹದಿನಾರರ ಹುಡುಗಿ ಕೇಳಬೇಕಾದ ಪ್ರಶ್ನೆ ಅದೇ.

ದೊಡ್ಡಪ್ಪ: ಶಾಲೆಯಲ್ಲಿ ಇಂಥ ಕಹಿ ಯಾಕೆ? 1776, ವಾಷಿಂಗ್ಟನ್, ಲಿಂಕನ್. ಇಷ್ಟು ಚೆನ್ನಾಗಿ ಕಲಿತರೆ ಸಾಕು.

ಸುಮಾ ಅತ್ತಿಗೆ: ಮಾವ, ಅದನ್ನೂ ಕಲಿಯುತ್ತಾಳೆ. ಈ ರಾಜ್ಯದಲ್ಲಿ ಹೈಸ್ಕೂಲಲ್ಲಿ ಎರಡು ವರ್ಷ ಅಮೆರಿಕದ ಇತಿಹಾಸ ಓದಲೇಬೇಕು. ಏಷ್ಯಾದಿಂದ ಬಂದವರ ಇತಿಹಾಸವನ್ನೂ ಹೇಳಿಕೊಡಬೇಕೆಂದು 2022ರಲ್ಲಿ ಕಾನೂನು ಆಗಿದೆ.

ಗಿರೀಶಣ್ಣ: ಅಪ್ಪ, 1946ರಲ್ಲಿ ಕಾನೂನು ಬದಲಾದಾಗಲೂ ಇಲ್ಲಿಗೆ ವಲಸೆ ಬರಲು ಇಡೀ ಭಾರತಕ್ಕೆ ಕೊಟ್ಟದ್ದು ವರ್ಷಕ್ಕೆ 100 ಜಾಗ. ಆ ಪದ್ಧತಿ ತೆಗೆದದ್ದು 1965ರಲ್ಲಿ. ಇಲ್ಲದಿದ್ದರೆ ನಾನು ಇಲ್ಲಿಗೆ ಬರುತ್ತಿದ್ದೆನಾ? ನನಗೇ ಇದೆಲ್ಲ ಗೊತ್ತಿರಲಿಲ್ಲ. ಮಗಳಿಂದ ತಿಳಿಯಿತು. ಪ್ರಸನ್ನ, ಆವತ್ತು ಊಟದಲ್ಲಿ ನಾನು ಆಡಿದ್ದು ತಪ್ಪು. ಹುಡುಗನಿಗೆ ಫೋನ್ ಮಾಡುತ್ತೇನೆ.

ಭಾವ ಅದಕ್ಕೆ ಏನೂ ಬರೆಯಲಿಲ್ಲ.

ಮುಗಿಯಿತು ಅಂದುಕೊಂಡೆ. ರಾತ್ರಿ ಒಂಬತ್ತರ ಹೊತ್ತಿಗೆ ರವಿಯಣ್ಣ ಬರೆದ. ಅವನು ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಮಾತಾಡುವವನೇ ಅಲ್ಲ. ದಿನವೆಲ್ಲ ಅಂಗಡಿಯಲ್ಲಿದ್ದು, ಬಾಗಿಲು ಹಾಕಿ ಬಂದು ನಾಲ್ಕೂ ಪುಟ ಓದಿದ್ದನಂತೆ.

ರವಿಯಣ್ಣ: ತಡವಾದರೂ ಐದು ದಿನದವರೆಗೆ ತಗೊಳ್ತಾರೆ ಅಂತ ಎರಡನೇ ಪುಟದಲ್ಲಿ ಇದೆ. ನನಗೆ ನಾಲ್ಕು ದಿನ ಸಾಕಿತ್ತು.

ನಮ್ಮ ಮನೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ರವಿಯಣ್ಣ ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ಚಿಕ್ಕಪ್ಪನಿಗೆ ಹುಷಾರಿರಲಿಲ್ಲ. ಅಡಿಕೆ ಕೊಯ್ಲಿನ ಸಮಯ. ಹಗಲು ತೋಟ, ರಾತ್ರಿ ಸುಲಿಯುವುದು, ಬೇಯಿಸುವುದು. ಕೈಯೆಲ್ಲ ಚೊಗರಿನಿಂದ ಕಪ್ಪಾಗಿತ್ತು. ಪರೀಕ್ಷೆಯ ಫೀಸು ಕಟ್ಟಲು ಅವನು ಶಾಲೆಗೆ ಹೋದದ್ದು ನಾಲ್ಕು ದಿನ ತಡವಾಗಿ. ಹೆಡ್‌ಮಾಸ್ಟರ್ ದೊಡ್ಡಪ್ಪನೇ. ಮನೆಯ ಹುಡುಗನಿಗೆ ಸಡಿಲ ಬಿಟ್ಟರು ಅಂತ ಊರು ಆಡಿಕೊಳ್ಳಬಾರದು ಎಂದು ಪಟ್ಟಿಗೆ ಹೆಸರು ಸೇರಿಸಲಿಲ್ಲ. ರವಿಯಣ್ಣನಿಗೆ ಆ ವರ್ಷ ಹೋಯಿತು. ಮುಂದಿನ ವರ್ಷ ಪಾಸಾದ, ಆದರೆ ಕಾಲೇಜಿಗೆ ಹೋಗುವ ಮನಸ್ಸು ಅಷ್ಟರಲ್ಲಿ ಹೋಗಿತ್ತು. ಮೂವತ್ತು ವರ್ಷದಲ್ಲಿ ಅವನು ಈ ಮಾತು ಎತ್ತಿದ್ದು ನಾನು ಕೇಳಿಯೇ ಇಲ್ಲ.

ಪರದೆಯ ಮೇಲೆ 'ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ' ಎಂದು ಬಂತು. ನಿಂತಿತು. ಮತ್ತೆ ಬಂತು. ಹತ್ತು ನಿಮಿಷ ಹಾಗೇ ನಡೆಯಿತು. ಏನೂ ಬರಲಿಲ್ಲ. ಯಾರೂ ಬೇರೆ ಮಾತು ಎತ್ತಲಿಲ್ಲ, ಪದ್ಮಕ್ಕನೂ.

ದೊಡ್ಡಪ್ಪ ಮರುದಿನ ಬೆಳಿಗ್ಗೆಯೇ ರವಿಯಣ್ಣನ ಅಂಗಡಿಗೆ ಹೋಗಿ ಕೂತು ಬಂದರಂತೆ. ಏನು ಮಾತಾಡಿದರೋ ಇಬ್ಬರೂ ಹೇಳಿಲ್ಲ, ನಾನು ಕೇಳಲೂ ಇಲ್ಲ.

ಸೋಮವಾರ ನಾನು ಕ್ಲಾಸಿನ ಹಲಗೆಯ ಮೂಲೆಯಲ್ಲಿ ಬರೆದೆ: ಚಟುವಟಿಕೆ ಪುಸ್ತಕ ಕೊಡದವರು ಶನಿವಾರದೊಳಗೆ ಕೊಡಬಹುದು, ದಿನಕ್ಕೆ ಒಂದು ಅಂಕ ಕಡಿತ. ಹೋದ ವಾರವೇ ಮುಗಿದ ಗಡುವು ಅದು, ಏಳು ಜನ ಕೊಟ್ಟಿರಲಿಲ್ಲ. ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು "ನಿಜವಾ ಮೇಡಂ?" ಎಂದು ಕೇಳಿದ. ಬುಧವಾರ ತಂದುಕೊಟ್ಟ. ಹಾಳೆಯ ಅಂಚಲ್ಲಿ ಅವನ ಹೆಬ್ಬೆರಳಿನ ಕಪ್ಪು ಗುರುತಿತ್ತು.