ಪ್ರಿನ್ಸ್ ಎಡ್ವರ್ಡ್ ಕೌಂಟಿಯ ರಸ್ತೆ ಫಲಕಗಳಲ್ಲಿ ಬರೀ ಯುದ್ಧವೇ ಯಾಕೆ?

ಪ್ರಶ್ನೆ – ದಾರಿಹೋಕ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ರೂಟ್ 460 ಹಿಡಿದು ಲಿಂಚ್‌ಬರ್ಗ್ ಕಡೆ ಹೋಗುವಾಗ ರಸ್ತೆ ಪಕ್ಕ ಬೆಳ್ಳಿ ಬಣ್ಣದ ಮೇಲೆ ಕಪ್ಪು ಅಕ್ಷರದ ಇತಿಹಾಸ ಫಲಕಗಳು ಸಿಗುತ್ತವೆ. ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಫಾರ್ಮ್‌ವಿಲ್ ಊರಿನ ಸುತ್ತಮುತ್ತ ಕೆಲವನ್ನು ಓದಿದೆ. ಹೆಚ್ಚಿನವುಗಳಲ್ಲಿ ಒಂದೇ ಕಥೆ: ಏಪ್ರಿಲ್ 1865, ಅಂತರ್ಯುದ್ಧದ ಕೊನೆ, ದಕ್ಷಿಣದವರ ಜನರಲ್ ಲೀ ಹಿಂದೆ ಸರಿದ, ಉತ್ತರದವರ ಜನರಲ್ ಗ್ರಾಂಟ್ ಬೆನ್ನಟ್ಟಿದ. ಆ ಒಂದು ವಾರ ಬಿಟ್ಟರೆ ಈ ಕೌಂಟಿಯಲ್ಲಿ ಬೇರೇನೂ ನಡೆದೇ ಇಲ್ವಾ? ಇವನ್ನು ಬರೆಯುವುದು ಯಾರು, ಸರ್ಕಾರವೇ?

ಹಳೇ ನಕ್ಷೆ

ಮುಂದಿನ ಸಲ ಫಲಕದ ತೀರಾ ಕೆಳಗಿನ ಸಾಲು ನೋಡಿ. ನೆಟ್ಟ ಇಲಾಖೆಯ ಹೆಸರು, ವರ್ಷ ಅಲ್ಲಿರುತ್ತದೆ. ನನಗಂತೂ ಮೇಲಿನ ಬರಹಕ್ಕಿಂತ ಅದೇ ಜಾಸ್ತಿ ಹೇಳುತ್ತದೆ. ರಾಜ್ಯದ ಈ ಫಲಕ ಯೋಜನೆ ಶುರುವಾಗಿದ್ದು 1927ರಲ್ಲಿ, ಮೊದಲ ಫಲಕಗಳು ಬಂದಿದ್ದು ರೂಟ್ 1ರಲ್ಲಿ. ಕಾರಿನಲ್ಲಿ ಸುತ್ತಾಡುವವರನ್ನು ಸೆಳೆಯಬೇಕಿತ್ತು, ಅದಕ್ಕೇ ಹಳೆಯವುಗಳ ಬರಹ ಚಿಕ್ಕದು, ಬಹುಪಾಲು ಯುದ್ಧ, ಚರ್ಚು, ದೊಡ್ಡವರ ಮನೆ.

ಈಗ ಯಾರು ಬೇಕಾದರೂ ಅರ್ಜಿ ಹಾಕಬಹುದು. ರಾಜ್ಯದ ಐತಿಹಾಸಿಕ ಸಂಪನ್ಮೂಲ ಇಲಾಖೆ ದಾಖಲೆ ಪರಿಶೀಲಿಸುತ್ತದೆ, ಮಂಡಳಿ ಒಪ್ಪಬೇಕು, ಖರ್ಚು ಮಾತ್ರ ಅರ್ಜಿದಾರರದ್ದೇ. ಬದುಕಿರುವವರ ಹೆಸರಲ್ಲಿ ಫಲಕ ಕೊಡುವುದಿಲ್ಲ, ವಿಷಯಕ್ಕೆ ಕನಿಷ್ಠ 50 ವರ್ಷ ಆಗಿರಬೇಕು. ಅಂದರೆ ದುಡ್ಡು, ಹಟ ಎರಡೂ ಇರುವವರ ಇತಿಹಾಸ ಮೊದಲು ರಸ್ತೆಗೆ ಬರುತ್ತದೆ. ಇದು ನನ್ನ ಅನಿಸಿಕೆ, ಬೇರೆಯವರು ಒಪ್ಪಲೇಬೇಕು ಅಂತಿಲ್ಲ.

ಸೀಮೆಸುಣ್ಣ

ಬೇರೇನೂ ನಡೆದಿಲ್ವಾ ಅಂತ ಕೇಳಿದಿರಲ್ಲ, ಅದೇ ಫಾರ್ಮ್‌ವಿಲ್‌ನ ಮೋಟನ್ ಹೈಸ್ಕೂಲ್ ಫಲಕ ನೋಡಿ ಬನ್ನಿ. ಸುಮಾರು 180 ಕಪ್ಪು ಮಕ್ಕಳಿಗೆ ಅಂತ ಕಟ್ಟಿದ ಶಾಲೆಯಲ್ಲಿ 450ಕ್ಕೂ ಹೆಚ್ಚು ಮಕ್ಕಳಿದ್ದರು. ಜಾಗ ಸಾಲದೆ ಟಾರು ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಪಾಠ, ಮಳೆ ಬಂದರೆ ಸೋರುತ್ತಿತ್ತು. 1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್ ಮತ್ತು ಗೆಳೆಯರು ಏನು ಮಾಡಿದರು ಗೊತ್ತಾ? ಊರಲ್ಲಿ ನಮ್ಮ ಹುಡುಗರು ಏನೋ ಗಲಾಟೆಯಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಸುಳ್ಳು ಫೋನು ಮಾಡಿಸಿ ಹೆಡ್ಮಾಸ್ತರನ್ನು ಹೊರಗೆ ಕಳಿಸಿದರು, ಅವರ ಹೆಸರಲ್ಲೇ ಚೀಟಿ ಬರೆದು ಎಲ್ಲ ಕ್ಲಾಸನ್ನೂ ಸಭಾಂಗಣಕ್ಕೆ ಕರೆಸಿದರು, ಪರದೆ ಸರಿದಾಗ ವೇದಿಕೆ ಮೇಲೆ ನಿಂತಿದ್ದು ಈ ಹುಡುಗಿ. ಒಳ್ಳೆ ಶಾಲೆ ಬೇಕು ಅಂತ ಅಲ್ಲೇ ಮುಷ್ಕರ ಶುರು. ಆಮೇಲೆ ಹೂಡಿದ ಮೊಕದ್ದಮೆ ಬ್ರೌನ್ ತೀರ್ಪಿನ, ಅಂದರೆ ಕಪ್ಪು ಬಿಳಿ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಇಡುವುದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿದ ತೀರ್ಪಿನ, ಐದು ಪ್ರಕರಣಗಳಲ್ಲಿ ಒಂದಾಯಿತು.

ತೀರ್ಪು ಬಂದಿದ್ದು 1954ರಲ್ಲಿ. ಕಪ್ಪು ಬಿಳಿ ಮಕ್ಕಳನ್ನು ಒಟ್ಟಿಗೆ ಕೂರಿಸುವ ಬದಲು ಕೌಂಟಿಯವರು 1959ರಲ್ಲಿ ಶಾಲೆಗಳಿಗೆ ದುಡ್ಡೇ ಕೊಡಲಿಲ್ಲ. ಸರ್ಕಾರಿ ಶಾಲೆಗಳು ಐದು ವರ್ಷ ಬಾಗಿಲು ಹಾಕಿದ್ದವು! ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಕೆಲವರು ನೆಂಟರ ಮನೆಗೆ ಹೋಗಿ ಓದಿದರು, ಎಷ್ಟೋ ಮಕ್ಕಳ ಓದು ಅಲ್ಲಿಗೇ ನಿಂತಿತು. ಹಾಗೆ ಶಾಲೆ ಮುಚ್ಚುವಂತಿಲ್ಲ ಅಂತ 1964ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು.

ಹಳಿ ಹುಚ್ಚ

ಎಲ್ಲ ಸರಿ, ಆದರೆ ಯುದ್ಧದ ಫಲಕ ಅಂತ ಮೂಗು ಮುರಿಯಬೇಡಿ. ಹೈ ಬ್ರಿಡ್ಜ್ ಕಥೆ ಮಜವಾಗಿದೆ. ಲೀ ಸೈನ್ಯ ನದಿ ದಾಟಿ ಎತ್ತರದ ರೈಲು ಸೇತುವೆಗೆ ಬೆಂಕಿ ಇಟ್ಟಿತು, ಆದರೆ ಕೆಳಗಿದ್ದ ಗಾಡಿ ಸೇತುವೆ ಪೂರ್ತಿ ಸುಡುವ ಮೊದಲೇ ಉತ್ತರದವರು ಬಂದು ಬೆಂಕಿ ಆರಿಸಿ ದಾಟಿಬಿಟ್ಟರು. ಅದು ಏಪ್ರಿಲ್ 7. ಎರಡೇ ದಿನಕ್ಕೆ ಅಪೊಮ್ಯಾಟಕ್ಸ್ ಅನ್ನುವಲ್ಲಿ ಲೀ ಶರಣಾಗತಿ. ಈಗ ಅಲ್ಲಿ ನಡೆದಾಡುವ ದಾರಿ ಇದೆ.

ದಾರಿಹೋಕ

ಐದು ವರ್ಷ ಶಾಲೆ ಮುಚ್ಚಿದ್ದು ನಿಜಕ್ಕೂ ಗೊತ್ತಿರಲಿಲ್ಲ. ಇನ್ನೇನಾದರೂ ಇದೆಯಾ?

ಹಳೇ ನಕ್ಷೆ

ಇಸ್ರೇಲ್ ಹಿಲ್ ಅನ್ನುವ ಜಾಗದ ಕಥೆ ಬಿಡಬೇಡಿ. ರಿಚರ್ಡ್ ರಾಂಡಾಲ್ಫ್ ಅನ್ನುವ ಜಮೀನ್ದಾರ 1796ರಲ್ಲಿ ಸತ್ತ. ತನ್ನ ಗುಲಾಮರಿಗೆ ಬಿಡುಗಡೆ, ಜೊತೆಗೆ ಜಮೀನು ಅಂತ ಉಯಿಲು ಬರೆದಿದ್ದ. ಅದು ಅವರ ಕೈಗೆ ಬಂದಿದ್ದು 1810ರ ಹೊತ್ತಿಗೆ. ಅಂತರ್ಯುದ್ಧಕ್ಕೆ ಐವತ್ತು ವರ್ಷ ಮೊದಲೇ ಇಲ್ಲಿ ಸ್ವತಂತ್ರ ಕಪ್ಪು ಜನ ಸ್ವಂತ ಹೊಲ ಉಳುತ್ತಿದ್ದರು. ಆಮೇಲೆ ಬಾರ್ಬರಾಳ ತಂದೆಯ ಸೋದರ ವರ್ನನ್ ಜಾನ್ಸ್ ಹೆಸರಲ್ಲೂ ಫಲಕವಿದೆ. ಅಲಬಾಮಾದ ಮಾಂಟ್ಗೊಮೆರಿಯ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ಗಿಂತ ಮೊದಲು ಪಾದ್ರಿ ಆಗಿದ್ದವರು ಅವರೇ. ಮೋಟನ್ ಶಾಲೆ ಈಗ ಮ್ಯೂಸಿಯಂ, ಹೊರಗಿನ ಫಲಕ ಓದಿ ಹಾಗೇ ಹೊರಟುಬಿಡಬೇಡಿ, ಒಳಗೂ ಹೋಗಿ. ಮತ್ತೆ 460ರ ಅಂಚಿನಲ್ಲಿ ಕಾರು ನಿಲ್ಲಿಸಿ ಓದುವ ಸಾಹಸ ಬೇಡ, ಹೆಚ್ಚಿನ ಫಲಕಗಳ ಫೋಟೋ, ಬರಹ ಎಲ್ಲ ಆನ್‌ಲೈನ್‌ನಲ್ಲೇ ಸಿಗುತ್ತದೆ.