ಪದಚರ್ಚೆ: ‘ವೋಯ್ವೊದಾ’ನೂ ಡ್ಯೂಕ್, ‘ಹೆರ್ತ್ಸೆಗ್’ನೂ ಡ್ಯೂಕ್ ಆದರೆ ಕಥೆ ಉಳಿಯುವುದೇ?

ಬಲ್ಲವರೆಲ್ಲರಿಗೂ ನಮಸ್ಕಾರ.

ಹದಿನೈದನೆಯ ಶತಮಾನದ ಬೋಸ್ನಿಯಾದ ಕೊಸಾಚಾ ಮನೆತನದ ಬಗ್ಗೆ, ಮುಖ್ಯವಾಗಿ ಸ್ತ್ಯೆಪಾನ್ ವುಕ್ಚಿಚ್ ಕೊಸಾಚಾ (1404–1466) ಮತ್ತು ಅವನ ಮಕ್ಕಳ ಬಗ್ಗೆ ದೀರ್ಘ ಲೇಖನವೊಂದನ್ನು ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಲೇಖನ ಮುಂದೆ ಸಾಗದೆ ನಿಂತಿದೆ. ಶಾಸನಗಳ ಕನ್ನಡವನ್ನು ಬಲ್ಲವರು ಇಲ್ಲಿದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ.

ಮೊದಲ ತೊಡಕು ಬಿರುದಿನದು. 1435ರಲ್ಲಿ ದೊಡ್ಡಪ್ಪ ಸಾಂದಲ್ ಹ್ರಾನಿಚ್ ತೀರಿಕೊಂಡಾಗ ಸ್ತ್ಯೆಪಾನನಿಗೆ ಮನೆತನದ ನೆಲದ ಜೊತೆಗೆ ‘ವೆಲಿಕಿ ವೋಯ್ವೊದಾ’ ಎಂಬ ಸ್ಥಾನವೂ ಬಂದಿತು. ಹದಿಮೂರು ವರ್ಷಗಳ ಬಳಿಕ, 1448ರಲ್ಲಿ, ಅವನು ಅದನ್ನು ಬಿಟ್ಟು ‘ಹೆರ್ತ್ಸೆಗ್’ ಎಂದು ಕರೆಸಿಕೊಳ್ಳತೊಡಗಿದ. ಇಂಗ್ಲಿಷಿನಲ್ಲಿ ಬರೆಯುವವರು ಎರಡಕ್ಕೂ ‘ಡ್ಯೂಕ್’ ಎನ್ನುತ್ತಾರೆ, ಅದನ್ನೇ ಕನ್ನಡಕ್ಕೆ ತಂದರೆ ‘ಡ್ಯೂಕ್ ಆಗಿದ್ದವನು 1448ರಲ್ಲಿ ಡ್ಯೂಕ್ ಆದ’ ಎಂದು ಬರೆಯಬೇಕಾಗುತ್ತದೆ. ಅವನ ಬದುಕಿನ ಅತಿ ದೊಡ್ಡ ತಿರುವು ಒಂದೇ ಪದದಡಿ ಮುಚ್ಚಿಹೋಗುತ್ತದೆ.

ವ್ಯುತ್ಪತ್ತಿಯನ್ನು ಹಿಡಿದು ಹೊರಟರೂ ದಾರಿ ಸಿಗುವುದಿಲ್ಲ. ‘ವೋಯ್ವೊದಾ’ದ ಮೊದಲ ಭಾಗಕ್ಕೆ ಸೈನ್ಯ ಎಂದೂ ಎರಡನೆಯದಕ್ಕೆ ನಡೆಸುವವನು ಎಂದೂ ಅರ್ಥ. ‘ಹೆರ್ತ್ಸೆಗ್’ ಜರ್ಮನ್ ಭಾಷೆಯ ‘ಹೆರ್ತ್ಸೋಗ್’ನಿಂದ ಬಂದದ್ದು, ಅದರ ಮೂಲಾರ್ಥವೂ ಸೈನ್ಯವನ್ನು ಮುನ್ನಡೆಸುವವನು ಎಂದೇ. ನಮ್ಮ ‘ದಂಡನಾಯಕ’ನೂ ಹಾಗೆಯೇ: ದಂಡು, ಅದರ ನಾಯಕ. ಮೂರು ನಾಡುಗಳ ಪದಗಳು ಒಂದೇ ಅರ್ಥದಿಂದ ಹೊರಟು ಮೂರು ಬೇರೆ ಗದ್ದುಗೆಗಳನ್ನು ಏರಿವೆ. ಆದ್ದರಿಂದ ಪದದ ಬೇರನ್ನು ಬಿಟ್ಟು ಆ ಪದ ಅಂದಿನ ಸಮಾಜದಲ್ಲಿ ಏನು ಕೆಲಸ ಮಾಡಿತು ಎಂಬುದನ್ನೇ ನೋಡಬೇಕಾಗಿದೆ.

ವೋಯ್ವೊದಾ ಬೋಸ್ನಿಯಾದ ರಾಜನ ಕೆಳಗಿನ ಹಿರಿಯ ಸ್ಥಾನ. ಆದರೆ ಹೊಯ್ಸಳರ ದಂಡನಾಯಕನನ್ನು ರಾಜ ನೇಮಿಸುತ್ತಿದ್ದ. ಕೊಸಾಚಾಗಳಲ್ಲಿ ಆ ಸ್ಥಾನ ಮನೆಯೊಳಗೇ ಸುತ್ತುತ್ತಿತ್ತು. 1389ರ ಕೊಸೊವೊ ಕಾಳಗದಲ್ಲಿ ಬೋಸ್ನಿಯಾದ ಪಡೆಯನ್ನು ನಡೆಸಿದ ವ್ಲಾಟ್ಕೊ ವುಕೊವಿಚ್, ಬಳಿಕ ಸಾಂದಲ್, ಬಳಿಕ ಸ್ತ್ಯೆಪಾನ್, ಮೂವರೂ ವೋಯ್ವೊದಾಗಳೇ. ‘ಮಹಾಮಂಡಲೇಶ್ವರ’ ಎಂದರೆ ನೆಲದ ಒಡೆತನ ಸರಿಯಾಗಿ ಕಾಣುತ್ತದೆ, ಸೇನೆ ಮರೆಯಾಗುತ್ತದೆ. ‘ಪಾಳೆಯಗಾರ’ ಎಂದು ಕೆಲವರು ಸೂಚಿಸಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಆ ಪದ ನಮ್ಮ ಓದುಗರನ್ನು ನೇರವಾಗಿ ಚಿತ್ರದುರ್ಗದ ಕೋಟೆಗೆ ಕರೆದೊಯ್ಯುತ್ತದೆ. ನೆರೆಟ್ವಾ ನದಿಯ ಕಣಿವೆಯಿಂದ ಆಡ್ರಿಯಾಟಿಕ್ ಕಡಲವರೆಗೆ, ಪೂರ್ವಕ್ಕೆ ಇಂದಿನ ಮಾಂಟೆನೆಗ್ರೊ ಮತ್ತು ಸರ್ಬಿಯಾದೊಳಗೂ ಚಾಚಿದ್ದ ಸೀಮೆಯ ಒಡೆಯನಿಗೆ ಅದು ಕಿರಿದು. ಸದ್ಯಕ್ಕೆ ಕರಡಿನಲ್ಲಿ ‘ಮಹಾದಂಡನಾಯಕ’ ಎಂದು ಬರೆದಿದ್ದೇನೆ.

‘ಹೆರ್ತ್ಸೆಗ್’ ಅನ್ನು ಮಾತ್ರ ಅನುವಾದಿಸಬಾರದು, ಹಾಗೆಯೇ ಉಳಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ‘ಹುಮ್ ಸೀಮೆಯ (ಹರ್ಜೆಗೋವಿನಾದ ಹಳೆಯ ಹೆಸರು) ಮತ್ತು ಕರಾವಳಿಯ ಹೆರ್ತ್ಸೆಗ್’ ಎಂದಿದ್ದವನು ಮರುವರ್ಷವೇ ‘ಸಂತ ಸಾವಾನ ಹೆರ್ತ್ಸೆಗ್’ ಎಂದು ಬದಲಿಸಿಕೊಂಡ. ಸರ್ಬಿಯಾದ ಸಂತ ಸಾವಾನ ಅವಶೇಷಗಳಿದ್ದ ಮಿಲೆಶೆವಾ ಮಠ ಅವನ ಸೀಮೆಯಲ್ಲಿತ್ತು. ತಾನು ಬೋಸ್ನಿಯಾದ ರಾಜನ ಕೈಕೆಳಗಿನವನಲ್ಲ, ತನ್ನ ಪದವಿಗೆ ಸಂತನ ಬೆಂಬಲವಿದೆ ಎಂದು ಸಾರುವ ಬಿರುದು ಅದು. ವಿಜಯನಗರದ ಆರಂಭದ ಸಂಗಮ ಅರಸರು ‘ಮಹಾಮಂಡಲೇಶ್ವರ’ ಎಂಬ ಹಳೆಯ ಹೆಸರನ್ನೇ ಇಟ್ಟುಕೊಂಡು ಅದರೊಳಗೆ ಸ್ವತಂತ್ರರಾಗಿ ಬೆಳೆದರು. ಇವನು ಹೊಸ ಹೆಸರನ್ನು ಮೊದಲು ಧರಿಸಿ ಅದಕ್ಕೆ ತಕ್ಕ ಸ್ವಾತಂತ್ರ್ಯಕ್ಕಾಗಿ ಜೀವನವಿಡೀ ಹೋರಾಡಿದ. ಇನ್ನೊಂದು ಕಾರಣವೂ ಇದೆ. ಪತ್ರಿಕೆಗಳಲ್ಲಿ ನಾವು ಓದುವ ‘ಹರ್ಜೆಗೋವಿನಾ’ ಎಂದರೆ ಹೆರ್ತ್ಸೆಗ್‌ನ ನಾಡು. ಮಾಂಟೆನೆಗ್ರೊದ ಹೆರ್ತ್ಸೆಗ್ ನೋವಿ ಎಂಬ ಕಡಲ ಪಟ್ಟಣದ ಹೆಸರಿನಲ್ಲಿಯೂ ಅವನೇ ಇದ್ದಾನೆ. ‘ಡ್ಯೂಕ್’ ಎಂದು ಬರೆದರೆ ಇಂದಿನ ದೇಶದ ಹೆಸರಿಗೂ ಈ ಮನುಷ್ಯನಿಗೂ ಇರುವ ನಂಟು ಕನ್ನಡದ ಓದುಗನಿಗೆ ತಿಳಿಯುವುದೇ ಇಲ್ಲ.

ಹೆಸರುಗಳ ವಿಷಯ ಸುಲಭ, ಆದರೂ ಹೇಳಿಬಿಡುತ್ತೇನೆ. ಸಾಂದಲ್ ಹ್ರಾನಿಚ್, ಸ್ತ್ಯೆಪಾನ್ ವುಕ್ಚಿಚ್ ಎಂದು ಓದಿದವರು ಇವರು ಬೇರೆ ಮನೆತನದವರು ಎಂದುಕೊಳ್ಳುತ್ತಾರೆ. ನಡುವಿನ ಹೆಸರು ತಂದೆಯದು: ಹ್ರಾನಾನ ಮಗ, ವೂಕಾತ್ಸ್‌ನ ಮಗ. ಅದೇ ಕಾಲದ ಇನ್ನೊಬ್ಬ ಪ್ರಬಲ ಸರದಾರ ಹ್ರ್ವೊಯೆ ವುಕ್ಚಿಚ್‌ನ ತಂದೆಯೂ ವೂಕಾತ್ಸ್ ಎಂಬವನೇ, ಆದರೆ ಅವನು ಹ್ರ್ವಾತಿನಿಚ್ ಮನೆತನದವನು. ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂದು ಬರೆಯುವ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಮನೆತನದ ಹೆಸರನ್ನು ಎಲ್ಲಿಯೂ ಬಿಡದೆ ಬರೆಯುತ್ತಿದ್ದೇನೆ.

ಈಗ ನನ್ನನ್ನು ಬಹಳ ಕಾಡಿರುವ ಪದ: ‘ಬಾಶ್ತಿನಾ’. ಇದು ಸರದಾರನ ಕುಲದ ನೆಲ. ಪದದ ಮೂಲದಲ್ಲಿಯೇ ತಂದೆ ಇದ್ದಾನೆ. ‘ಉಂಬಳಿ’ ಎನ್ನುವುದು ತಪ್ಪು, ಏಕೆಂದರೆ ಉಂಬಳಿ ಅರಸ ಕೊಟ್ಟದ್ದು. ‘ಜಹಗೀರು’ ಇನ್ನೂ ತಪ್ಪು. ಬೋಸ್ನಿಯಾದ ಹಿರಿಯ ಸರದಾರರು ರಾಜನ ಆಯ್ಕೆಯಲ್ಲಿಯೇ ಕೈಯಿಡುತ್ತಿದ್ದರು. ‘ಸ್ತಾನಾಕ್’ ಎಂಬ ಅವರ ಸಭೆಯನ್ನು ಮೀರಿ ಒಬ್ಬ ಸರದಾರನ ಬಾಶ್ತಿನಾವನ್ನು ಕಿತ್ತುಕೊಳ್ಳುವುದು ರಾಜನಿಗೆ ಸಲ್ಲದ ಕೆಲಸವಾಗಿತ್ತು. ‘ಪಿತ್ರಾರ್ಜಿತ’ ಅರ್ಥಕ್ಕೆ ಹತ್ತಿರ, ಆದರೆ ಅದು ಇಂದು ಆಸ್ತಿಯ ದಾವೆಯ ಮಾತಾಗಿಬಿಟ್ಟಿದೆ. ‘ಕುಲದ ನೆಲ’ ಎಂದರೆ ಹೇಗೆ? ‘ಜಹಗೀರು’ ಪದವನ್ನು 1463ರ ನಂತರಕ್ಕೆ ಕಾದಿರಿಸಿದ್ದೇನೆ. ಆ ವರ್ಷ ಸುಲ್ತಾನ ಎರಡನೆಯ ಮೆಹಮದ್ ಬೋಸ್ನಿಯಾವನ್ನು ಗೆದ್ದು ಯಾಯ್ತ್ಸೆಯಲ್ಲಿ ಕೊನೆಯ ರಾಜನ ತಲೆ ಕಡಿಸಿದ ಮೇಲೆ ಬಂದ ‘ತಿಮಾರ್’ ಪದ್ಧತಿಗೆ, ಎಂದರೆ ಸೈನಿಕ ಸೇವೆಗಾಗಿ ಕೊಟ್ಟು ಬೇಕೆಂದಾಗ ಹಿಂದೆಗೆದುಕೊಳ್ಳುವ ನೆಲಕ್ಕೆ, ‘ಜಹಗೀರು’ ನಿಜವಾಗಿ ಹೊಂದುತ್ತದೆ. ಎರಡು ಪದಗಳನ್ನು ಬೇರೆಯಾಗಿ ಇಟ್ಟರೆ ಆ ನಾಡಿನಲ್ಲಿ ಏನು ಕಳೆದುಹೋಯಿತು ಎಂಬುದು ವಿವರಣೆಯಿಲ್ಲದೆ ಓದುಗನಿಗೆ ತಲುಪುತ್ತದೆ. ಇದೇ ಕಾರಣಕ್ಕೆ ‘ಸಾಮಂತ’ ಪದವನ್ನೂ ಸ್ತ್ಯೆಪಾನನಿಗೆ ಬೋಸ್ನಿಯಾದ ರಾಜನ ಸಂಬಂಧದಲ್ಲಿ ಬಳಸಿಲ್ಲ. ‘ಕಪ್ಪ’ ಎಂಬ ಪದ ಅವನು ಸುಲ್ತಾನನಿಗೆ ತೆತ್ತ ಹಣಕ್ಕೆ ಮಾತ್ರ.

ರಾಜನೊಡನೆ ಅವನ ಸಂಬಂಧ ಎಂಥದು ಎಂಬುದಕ್ಕೆ ಮಗಳ ಮದುವೆಯೇ ಸಾಕ್ಷಿ. 1443ರಲ್ಲಿ ಪಟ್ಟವೇರಿದ ಸ್ತ್ಯೆಪಾನ್ ತೊಮಾಶ್‌ನನ್ನು ಕೊಸಾಚಾ ರಾಜನೆಂದು ಒಪ್ಪಲಿಲ್ಲ. ಯುದ್ಧ ನಡೆಯಿತು. 1446ರಲ್ಲಿ ಮಗಳು ಕಟರೀನಾಳನ್ನು ಅದೇ ರಾಜನಿಗೆ ಕೊಟ್ಟು ರಾಜಿಯಾಯಿತು. ಇಪ್ಪತ್ತೆರಡರ ಆಸುಪಾಸಿನ ಆಕೆ ಕ್ಯಾಥೊಲಿಕ್ ಆಗಿ ರಾಣಿಯಾದಳು.

‘ವ್ಯೆರಾ ಗೊಸ್ಪೋದ್ಸ್ಕಾ’ ಎಂಬ ಪದಗುಚ್ಛಕ್ಕೆ ಮಾತ್ರ ನಮ್ಮಲ್ಲಿ ಬಹಳ ಒಳ್ಳೆಯ ಸಾಟಿ ಇದೆ ಎಂದು ನನ್ನ ನಂಬಿಕೆ. ಒಡೆಯನು ತನ್ನ ಸರದಾರನಿಗೆ ಕೊಡುವ ಮಾತು ಅದು: ವಿಚಾರಣೆಯಿಲ್ಲದೆ ನಿನ್ನ ಜೀವಕ್ಕೂ ನೆಲಕ್ಕೂ ಕೈಹಾಕುವುದಿಲ್ಲ ಎಂಬ ಅಭಯ. ‘ನಂಬಿಕೆ’, ‘ನಿಷ್ಠೆ’ ಎರಡೂ ಇಲ್ಲಿ ತಿರುಗುಮುರುಗಾಗುತ್ತವೆ, ಏಕೆಂದರೆ ನಿಷ್ಠೆ ಕೆಳಗಿನವನದು. ಇದು ಮೇಲಿನವನು ಹೊರುವ ಹೊಣೆ. ಸಂಗಮ ಅರಸರ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದಿನಲ್ಲಿರುವ ‘ಭಾಷೆ’ ಇದಕ್ಕೆ ಸರಿಯಾಗಿ ಕೂರುತ್ತದೆ. ‘ಒಡೆಯನ ಭಾಷೆ’ ಎಂದು ಬರೆಯಲು ಮನಸ್ಸಾಗಿದೆ. ಇಂದಿನ ಓದುಗ ‘ಭಾಷೆ’ ಎಂದರೆ ನುಡಿ ಎಂದುಕೊಳ್ಳುವ ಅಪಾಯವಿದೆ. ಆದರೆ ‘ಭಾಷೆ ಕೊಟ್ಟ’ ಎಂಬ ಬಳಕೆ ಇನ್ನೂ ಬದುಕಿದೆಯಲ್ಲವೇ?

ಈ ಪದ ಏಕೆ ಮುಖ್ಯವೆಂದರೆ ಸ್ತ್ಯೆಪಾನನ ಮನೆಯೇ ಅದರ ಮೇಲೆ ಒಡೆಯಿತು, ಅದರ ಮೇಲೆಯೇ ಕೂಡಿತು. ಅವನು ನೋವಿಯಲ್ಲಿ (ಇಂದಿನ ಹೆರ್ತ್ಸೆಗ್ ನೋವಿ) ಉಪ್ಪಿನ ವ್ಯಾಪಾರವನ್ನೂ ಬಟ್ಟೆ ನೇಯ್ಗೆಯನ್ನೂ ಬೆಳೆಸಲು ಹೊರಟ. ಉಪ್ಪಿನ ಮಾರಾಟ ತನಗೊಂದಕ್ಕೇ ಸೇರಿದ ಹಕ್ಕು ಎಂದಿದ್ದ ನೆರೆಯ ದುಬ್ರೋವ್ನಿಕ್ ಗಣರಾಜ್ಯ ಕೆರಳಿತು. 1451ರಲ್ಲಿ ಅವನು ಆ ನಗರದ ಕೊನಾವ್ಲೆ ಸೀಮೆಯ ಮೇಲೆ ನುಗ್ಗಿದ. ನಗರ ಅವನ ತಲೆಗೆ 15,000 ಡುಕಾಟ್ ಬೆಲೆ ಕಟ್ಟಿತು. ಅಷ್ಟರಲ್ಲಿ ಹಿರಿಯ ಮಗ ವ್ಲಾದಿಸ್ಲಾವ್ ತಂದೆಯ ವಿರುದ್ಧ ದಂಗೆಯೆದ್ದ. ಮಗನಿಗೆಂದು ಬಂದ ಇಟಲಿಯ ಹೆಣ್ಣನ್ನು ತಂದೆ ತನ್ನಲ್ಲಿ ಇರಿಸಿಕೊಂಡದ್ದೇ ಕಾರಣ ಎಂದು ಆ ಕಾಲದ ಬರಹಗಳು ಹೇಳುತ್ತವೆ. ತಾಯಿ ಯೆಲೆನಾ ಮಗನ ಪಕ್ಷ ಹಿಡಿದಳು. 1453ರಲ್ಲಿ ರಾಜಿಯಾದಾಗ ಹೆಂಡತಿಗೂ ಮಗನಿಗೂ ದಂಗೆಯೆದ್ದ ಸರದಾರರಿಗೂ ಹೆರ್ತ್ಸೆಗ್ ಕೊಟ್ಟದ್ದು ಇಂಥ ಭಾಷೆಯನ್ನೇ. ಅದಕ್ಕೆ ಹೊಣೆ ನಿಂತವರಲ್ಲಿ ಬೋಸ್ನಿಯಾ ಚರ್ಚಿನ, ಎಂದರೆ ರೋಮಿನಿಂದ ಬೇರೆಯಾಗಿದ್ದ ಆ ನಾಡಿನದೇ ಕ್ರೈಸ್ತ ಪಂಥದ, ಹಿರಿಯರಿದ್ದರು. ಯೆಲೆನಾ ಅದೇ ವರ್ಷ ತೀರಿಕೊಂಡಳು.

ಆ ಚರ್ಚಿನ ಪದವಿಗಳ ಬಗ್ಗೆಯೂ ನಿಮ್ಮ ಸಲಹೆ ಬೇಕು. ರೋಮ್ ಇವರನ್ನು ಧರ್ಮಭ್ರಷ್ಟರು ಎಂದಿತು. ‘ಪಾಷಂಡಿ’ ಎಂದು ಕನ್ನಡಿಸಿದರೆ ಎದುರಾಳಿಯ ಬೈಗುಳವನ್ನು ನಾವೂ ಬೈದಂತಾಗುತ್ತದೆ. ಅವರು ತಮ್ಮನ್ನು ‘ಕ್ರ್ಸ್ತ್ಯಾನಿ’, ಎಂದರೆ ಕ್ರೈಸ್ತರು, ಎಂದಷ್ಟೇ ಕರೆದುಕೊಂಡರು. ಅವರ ಮುಖ್ಯಸ್ಥ ‘ದಿದ್’. ಅದಕ್ಕೆ ಅಜ್ಜ ಎಂದೇ ಅರ್ಥ, ಮಠದ ಸ್ವಾಮಿಗಳನ್ನು ‘ಅಜ್ಜನವರು’ ಎನ್ನುವ ಧಾರವಾಡದ ಕಡೆಯವರಿಗೆ ಇದು ತಟ್ಟನೆ ಒಗ್ಗುತ್ತದೆ. ‘ಸ್ತಾರಾತ್ಸ್’ ಎಂದರೆ ಹಿರಿಯ. ‘ಗೊಸ್ತ್’ ಎಂದರೆ ಅಕ್ಷರಶಃ ಅತಿಥಿ. ಇಲ್ಲಿ ಮಾತ್ರ ನಾನು ಸೋತಿದ್ದೇನೆ: ಆ ಪದವಿಯಲ್ಲಿದ್ದ ರಾದಿನ್ ಎಂಬವನನ್ನು ‘ಅತಿಥಿ ರಾದಿನ್’ ಎಂದರೆ ಊಟಕ್ಕೆ ಬಂದವನಾಗುತ್ತಾನೆ, ‘ಜಂಗಮ ರಾದಿನ್’ ಎಂದರೆ ನಮ್ಮ ಒಂದು ಸಂಪ್ರದಾಯದ ತೂಕವಿಡೀ ಅವನ ಮೇಲೆ ಬೀಳುತ್ತದೆ. ಇವನು ಸಣ್ಣ ಪಾತ್ರವಲ್ಲ. 1466ರ ಮೇ ತಿಂಗಳಲ್ಲಿ ನೋವಿಯಲ್ಲಿ ಹೆರ್ತ್ಸೆಗ್ ಸಾಯುವ ಮುನ್ನ ಉಯಿಲು ಬರೆಸಿದಾಗ ಹತ್ತಿರವಿದ್ದವರು ಆರ್ಥೊಡಾಕ್ಸ್ ಧರ್ಮಾಧ್ಯಕ್ಷ ದಾವಿದ್, ಈ ಗೊಸ್ತ್ ರಾದಿನ್ ಮತ್ತು ಮನೆಯ ಅಧಿಕಾರಿ ಪ್ರಿಬಿಸ್ಲಾವ್ ವುಕೋತಿಚ್. ಎರಡು ಚರ್ಚುಗಳವರು ಒಂದೇ ಹಾಸಿಗೆಯ ಪಕ್ಕದಲ್ಲಿ. ಅವನು ಯಾವ ಮತದವನು ಎಂದು ಒಂದೇ ಪದದಲ್ಲಿ ಹೇಳಲು ಹೊರಡುವವರು ಈ ಉಯಿಲನ್ನು ನೆನೆಯಬೇಕು. ಸನ್ನದುಗಳಲ್ಲಿ ಸಾಕ್ಷಿಗಳಾಗಿ ಬರುವ ಕುಲೀನರನ್ನು ‘ದೊಬ್ರಿ ಬೋಶ್ನ್ಯಾನಿ’ ಎನ್ನುತ್ತಾರೆ. ‘ಒಳ್ಳೆಯ ಬೋಸ್ನಿಯನ್ನರು’ ಎಂದರೆ ನಡತೆಯ ಪ್ರಮಾಣಪತ್ರದಂತೆ ಕೇಳಿಸುತ್ತದೆ, ಹಾಗಾಗಿ ‘ಬೋಸ್ನಿಯಾದ ಕುಲೀನರು’ ಎಂದು ಬಿಟ್ಟಿದ್ದೇನೆ.

ಮಕ್ಕಳ ಮಾತಿಗೆ ಬಂದರೆ, ಕಟರೀನಾ 1463ರ ಸೋಲಿನ ನಂತರ ದುಬ್ರೋವ್ನಿಕ್ ಮಾರ್ಗವಾಗಿ ರೋಮ್ ಸೇರಿದಳು. ಆಕೆಯ ಮಗನನ್ನೂ ಮಗಳನ್ನೂ ಆಟೊಮನ್ನರು ಒಯ್ದಿದ್ದರು, ಅವರು ಮುಸ್ಲಿಮರಾಗಿ ಬೆಳೆದರು. 1478ರ ಅಕ್ಟೋಬರಿನಲ್ಲಿ ಸಾಯುವ ಮೊದಲು ಆಕೆ, ಮಕ್ಕಳು ಕ್ರೈಸ್ತಮತಕ್ಕೆ ಮರಳದಿದ್ದರೆ ಬೋಸ್ನಿಯಾ ರಾಜ್ಯ ಪೋಪ್‌ಗೆ ಸೇರತಕ್ಕದ್ದು ಎಂದು ಉಯಿಲು ಬರೆಸಿದಳು. ರೋಮಿನ ಆರಾಚೇಲಿಯ ಸಂತ ಮರಿಯಾ ಚರ್ಚಿನಲ್ಲಿ ಆಕೆಯ ಸಮಾಧಿಶಿಲೆ ಇಂದಿಗೂ ಇದೆ. ಆಕೆಗೆ ‘ಅವಳು’, ‘ಅವರು’ ಎರಡನ್ನೂ ಬಿಟ್ಟು ‘ಆಕೆ’ ಎಂದೇ ಬರೆಯುತ್ತಿದ್ದೇನೆ.

ಕಿರಿಯ ಮಗ ಸ್ತ್ಯೆಪಾನ್ ಇಸ್ತಾಂಬುಲ್ ಸೇರಿ ಅಹ್ಮದ್ ಪಾಶಾ ಆದ; ಸುಲ್ತಾನ ಎರಡನೆಯ ಬಾಯಜೀದನ ಅಳಿಯನಾಗಿ, ಐದು ಬಾರಿ ಪ್ರಧಾನ ವಜೀರನಾಗಿ 1517ರಲ್ಲಿ ತೀರಿಕೊಂಡ. ಅವನ ಹೆಸರಿನ ಹಿಂದೆ ಕೊನೆಯವರೆಗೂ ಇದ್ದ ಮಾತು ‘ಹೆರ್ಸೆಕ್‌ಜಾದೆ’. ನಮ್ಮ ‘ಶಹಜಾದೆ’ಯಲ್ಲಿರುವ ‘ಜಾದೆ’ಯೇ ಇದು: ಹೆರ್ತ್ಸೆಗ್‌ನ ಮಗ. ಮತ ಬದಲಾಗಿ, ಹೆಸರು ಬದಲಾಗಿ, ಅಪ್ಪನ ನಾಡು ಅವನ ಹೊಸ ಒಡೆಯರ ಪಾಲಾದ ಮೇಲೂ ಅಪ್ಪನ ಬಿರುದು ಮಗನಿಗೆ ಅಂಟಿಕೊಂಡಿತ್ತು. ಇದನ್ನೂ ‘ಡ್ಯೂಕ್‌ನ ಮಗ’ ಎಂದು ಬರೆಯಲು ನನ್ನ ಕೈ ಬರುವುದಿಲ್ಲ.

ಹಾಗಾಗಿ ಕೇಳಬೇಕಾದದ್ದು ಇಷ್ಟು. ಶಾಸನಗಳಲ್ಲಿ ‘ದಂಡನಾಯಕ’ ಸ್ಥಾನ ಒಂದೇ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದ ಉದಾಹರಣೆಗಳು ನಿಮ್ಮ ಗಮನದಲ್ಲಿದ್ದರೆ ದಯವಿಟ್ಟು ತಿಳಿಸಿ, ‘ಮಹಾದಂಡನಾಯಕ’ ಎಂಬ ನನ್ನ ಆಯ್ಕೆಗೆ ಆಧಾರ ಸಿಗುತ್ತದೆ. ‘ಕುಲದ ನೆಲ’ಕ್ಕಿಂತ ಹಳೆಯ, ಬಳಕೆಯಲ್ಲಿದ್ದ ಪದ ನಿಮ್ಮ ಸೀಮೆಯಲ್ಲಿದ್ದರೆ ಅದೂ ಬೇಕು. ‘ಗೊಸ್ತ್’ಗೆ ಏನು ಹೊಳೆದರೂ ಸಂಕೋಚವಿಲ್ಲದೆ ಬರೆಯಿರಿ.