ಲೈಬ್ರರಿ ಒಪ್ಪಂದ ಇದೆ ಅಂತಾರೆ, ಆದರೂ ಓಪನ್ ಆಕ್ಸೆಸ್‌ಗೆ ದುಡ್ಡು ಕೇಳುತ್ತಿದ್ದಾರೆ. ಏನು ಮಾಡಲಿ?

ಮಣ್ಣುಜೀವಿ

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ನಾಲ್ಕನೇ ವರ್ಷದಲ್ಲಿದ್ದೇನೆ, ವಿಷಯ ಮಣ್ಣಿನ ಸೂಕ್ಷ್ಮಜೀವಿಗಳು. ಮೊನ್ನೆ ರಾತ್ರಿ ನನ್ನ ಮೊದಲ ಪೇಪರ್ ಅಕ್ಸೆಪ್ಟ್ ಆಯಿತು. ಬೆಳಿಗ್ಗೆ ಪ್ರಕಾಶಕರು ಕಳಿಸಿದ ಲಿಂಕ್ ತೆರೆದರೆ ಎರಡೇ ಆಯ್ಕೆ ಇವೆ. ಓಪನ್ ಆಕ್ಸೆಸ್, ಅಂದರೆ ಯಾರು ಬೇಕಾದರೂ ಉಚಿತವಾಗಿ ಓದುವಂತೆ ಬೇಕೆಂದರೆ ಮೂರು ಸಾವಿರ ಡಾಲರ್‌ಗೂ ಮೇಲೆ ಎಪಿಸಿ (ಪ್ರಕಟಣಾ ಶುಲ್ಕ) ಕಟ್ಟಬೇಕು. ಚಂದಾದಾರರಿಗೆ ಮಾತ್ರ ಸಾಕೆಂದರೆ ಏನೂ ಕೊಡಬೇಕಿಲ್ಲ.

ನಮ್ಮ ಲೈಬ್ರರಿಗೂ ಈ ಪ್ರಕಾಶಕರಿಗೂ ರೀಡ್ ಅಂಡ್ ಪಬ್ಲಿಶ್ ಒಪ್ಪಂದ (ಓದುವ ಚಂದಾ, ನಮ್ಮವರ ಓಪನ್ ಆಕ್ಸೆಸ್ ಶುಲ್ಕ ಎರಡನ್ನೂ ಲೈಬ್ರರಿಯೇ ಭರಿಸುವ ಕರಾರು) ಇದೆ ಎಂದು ಲೈಬ್ರರಿಯ ಪುಟದಲ್ಲೇ ಬರೆದಿದೆ. ಜರ್ನಲ್ ಹೆಸರೂ ಪಟ್ಟಿಯಲ್ಲಿದೆ. ಹಾಗಿದ್ದ ಮೇಲೆ ನಮ್ಮನ್ನೇಕೆ ದುಡ್ಡು ಕೇಳುತ್ತಾರೆ? ಐದು ಜನ ಲೇಖಕರು, ಮೂರು ಸಂಸ್ಥೆ. ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ವ್ಯವಹರಿಸುವ ಲೇಖಕರು) ನಮ್ಮ ಗೈಡ್. ಅವರು "ಎರಡನೆಯದನ್ನೇ ಒತ್ತಿಬಿಡು, ತಲೆನೋವು ಬೇಡ" ಎಂದರು. ನನಗೆ ಒತ್ತಲು ಕೈ ಬರುತ್ತಿಲ್ಲ. ಮಾದರಿ ತೆಗೆಯಲು ಹೊಲ ಬಿಟ್ಟುಕೊಟ್ಟ ರೈತರಿಗೆ, ಪೇಪರ್ ಬಂದಾಗ ನೀವೇ ತೆರೆದು ನೋಡಬಹುದು ಎಂದು ಮಾತು ಕೊಟ್ಟಿದ್ದೇನೆ.

ಗ್ರಂಥಪಾಲಕಿ

ಅಭಿನಂದನೆಗಳು! ಮೊದಲು ಒಂದು ಮಾತು: ಸದ್ಯಕ್ಕೆ ಯಾವ ಗುಂಡಿಯನ್ನೂ ಒತ್ತಬೇಡಿ. ಚಂದಾ ಮಾದರಿಯ ಫಾರ್ಮಿಗೆ ಸಹಿ ಬಿದ್ದರೆ ಸಾಮಾನ್ಯವಾಗಿ ಕಾಪಿರೈಟ್ ಪ್ರಕಾಶಕರ ಕೈ ಸೇರುತ್ತದೆ. ಆಮೇಲೆ ಅದನ್ನು ತಿರುಗಿಸಿ ಕೊಡುವುದು ಬಿಡುವುದು ಅವರ ಮರ್ಜಿ.

ನಮ್ಮ ಲೈಬ್ರರಿಯಲ್ಲಿ ಈ ಅರ್ಜಿಗಳನ್ನು ನೋಡುವ ಕೆಲಸ ನನ್ನದು. ಬೆಳಿಗ್ಗೆ ಬಂದ ಕೂಡಲೇ ಪ್ರಕಾಶಕರ ಡ್ಯಾಶ್‌ಬೋರ್ಡ್ ತೆರೆಯುತ್ತೇನೆ. ಸಾಲಿಗೊಂದು ಪೇಪರ್: ಶೀರ್ಷಿಕೆ, ಕರೆಸ್ಪಾಂಡಿಂಗ್ ಆಥರ್ ಹೆಸರು, ಇಮೇಲ್, ಸಂಸ್ಥೆ, ಕೊನೆಯಲ್ಲಿ ಒಪ್ಪಿಗೆ ಅಥವಾ ನಿರಾಕರಣೆಯ ಗುಂಡಿ. ನಿಮ್ಮ ಪೇಪರ್ ನಿಮ್ಮ ಲೈಬ್ರರಿಯವರ ಪಟ್ಟಿಗೆ ಬಂದೇ ಇಲ್ಲ ಅನ್ನಿಸುತ್ತದೆ. ಅಲ್ಲಿಗೆ ಬರಬೇಕಾದರೆ ಪ್ರಕಾಶಕರ ತಂತ್ರಾಂಶ ನಿಮ್ಮ ಸಂಸ್ಥೆಯನ್ನು ಗುರುತಿಸಬೇಕು. ಅದು ನೋಡುವುದು ಕರೆಸ್ಪಾಂಡಿಂಗ್ ಆಥರ್ ಒಬ್ಬರನ್ನೇ. ಉಳಿದ ನಾಲ್ವರು ಎಲ್ಲಿಯವರಾದರೂ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಪೇಪರ್ ಸಲ್ಲಿಸುವಾಗ ನಿಮ್ಮ ಗೈಡ್ ಯಾವ ಇಮೇಲ್ ಕೊಟ್ಟಿದ್ದರು ಎಂದು ನೋಡಿ. ಎಷ್ಟೋ ಪ್ರಾಧ್ಯಾಪಕರು ಜಿಮೇಲ್ ಕೊಟ್ಟಿರುತ್ತಾರೆ. ಸಂಸ್ಥೆಯ ಹೆಸರನ್ನು ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿಯಿಂದ ಆರಿಸದೆ, ವಿಭಾಗದ ಹೆಸರು ಸೇರಿಸಿ ತಾವೇ ಟೈಪ್ ಮಾಡಿರುತ್ತಾರೆ. ಓದುವ ನಮಗೆ ಅದು ಯಾವ ವಿಶ್ವವಿದ್ಯಾಲಯ ಎಂದು ಗೊತ್ತಾಗುತ್ತದೆ, ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ಅದು ನಿಮ್ಮನ್ನು ಒಪ್ಪಂದದ ಹೊರಗಿನವರೆಂದು ತಿಳಿದು ಬಿಲ್ ತೋರಿಸುತ್ತದೆ.

ಎರಡು ವರ್ಷದ ಹಿಂದೆ ನಮ್ಮಲ್ಲೇ ಹೀಗಾಯಿತು. ಒಬ್ಬಳು ಹುಡುಗಿ ರಸೀದಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. "ಮೇಡಂ, ಇದು ಒಪ್ಪಂದದಲ್ಲಿ ಬರುತ್ತಿತ್ತಂತೆ, ಹೌದಾ?" ಹೌದು, ಬರುತ್ತಿತ್ತು. ಅವಳು ಪ್ರಾಜೆಕ್ಟ್ ಹಣದಿಂದ ಕಟ್ಟಿಯಾಗಿತ್ತು. ಪ್ರಕಾಶಕರಿಗೆ ಬರೆದೆ, ಮತ್ತೆ ಬರೆದೆ. ಹಣ ವಾಪಸ್ ಬರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಪ್ರಾಜೆಕ್ಟ್ ಖಾತೆ ಮುಚ್ಚಿತ್ತು, ಆ ಹಣ ಅವಳ ಕೆಲಸಕ್ಕೆ ಒದಗಲಿಲ್ಲ. ರಾಸಾಯನಿಕ ತರಿಸಬೇಕಿದ್ದ ಹಣ ಅದು. ಅವತ್ತಿನಿಂದ ಯಾರೇ ಕೇಳಲಿ, ಕೂತು ಪೂರ್ತಿ ವಿವರಿಸುತ್ತೇನೆ.

ಗೈಡ್ ಅವರಿಂದಲೇ ಪ್ರಕಾಶಕರ ಲೇಖಕ ಸಹಾಯ ವಿಭಾಗಕ್ಕೆ ಒಂದು ಮೇಲ್ ಹಾಕಿಸಿ: ಸಂಸ್ಥೆಯ ಹೆಸರು ತಪ್ಪಾಗಿ ದಾಖಲಾಗಿದೆ, ವಿಶ್ವವಿದ್ಯಾಲಯದ ಇಮೇಲ್ ಇದು, ಫಾರ್ಮ್ ಮತ್ತೆ ತೆರೆದುಕೊಡಿ ಎಂದು. ಲೈಬ್ರರಿಗೆ ಪ್ರತಿ ಹೋಗಲಿ, ಹಸ್ತಪ್ರತಿಯ ಸಂಖ್ಯೆ ಮರೆಯಬೇಡಿ. ಕೆಲವು ಒಪ್ಪಂದಗಳಲ್ಲಿ ವರ್ಷಕ್ಕೆ ಇಷ್ಟೇ ಪೇಪರ್ ಎಂಬ ಮಿತಿ ಇರುತ್ತದೆ, ಅದು ಮುಗಿದಿದೆಯೇ ಎಂದೂ ಕೇಳಿ. ಬಣ್ಣದ ಚಿತ್ರಗಳ ಶುಲ್ಕ, ಪುಟ ಶುಲ್ಕ ಇದ್ದರೆ ಸಾಮಾನ್ಯವಾಗಿ ಒಪ್ಪಂದ ಅದನ್ನು ಭರಿಸುವುದಿಲ್ಲ.

ಫಾರ್ಮ್ ತೆರೆದಾಗ ಲೈಸೆನ್ಸ್ ಆರಿಸಲು ಹೇಳುತ್ತದೆ. ಸಿಸಿ ಬೈ ಆರಿಸಿ, ಲೇಖಕರ ಹೆಸರು ಹೇಳಿದರೆ ಯಾರು ಬೇಕಾದರೂ ಬಳಸಬಹುದು ಎಂಬ ಪರವಾನಗಿ ಅದು. ಸಿಸಿ ಬೈ-ಎನ್‌ಸಿ-ಎನ್‌ಡಿ (ಎನ್‌ಸಿ ಎಂದರೆ ವಾಣಿಜ್ಯ ಬಳಕೆ ಇಲ್ಲ, ಎನ್‌ಡಿ ಎಂದರೆ ಬದಲಿಸಿ ಹಂಚುವಂತಿಲ್ಲ) ಎಂಬುದು ನೋಡಲು ಹೆಚ್ಚು ರಕ್ಷಣೆ ಕೊಡುವಂತೆ ಕಾಣುತ್ತದೆ. ಆದರೆ ಅದನ್ನು ಆರಿಸಿದರೆ ಕೆಲವು ಪ್ರಕಾಶಕರು ವಾಣಿಜ್ಯ ಬಳಕೆಯ ಹಕ್ಕನ್ನು ಜೊತೆಯ ಕರಾರಿನಲ್ಲಿ ತಮಗೇ ಬರೆಸಿಕೊಳ್ಳುತ್ತಾರೆ. ನಿಮ್ಮ ಪೇಪರನ್ನು ಅನುವಾದಿಸಿ ರೈತರಿಗೆ ಹಂಚಲು ಬೇರೆಯವರು ಮುಂದೆ ಬಂದರೆ ಎನ್‌ಡಿ ಅಡ್ಡ ಬರುತ್ತದೆ.

ಒಪ್ಪಂದವಿಲ್ಲದವನು

ಮೇಡಂ ಹೇಳಿದ್ದೆಲ್ಲ ಸರಿ. ಆದರೆ ಒಪ್ಪಂದವೇ ಇಲ್ಲದ ನಮ್ಮಂಥ ಸಣ್ಣ ಸಂಸ್ಥೆಯವರ ಗತಿ? ಮೊದಲು ಓದಲು ಸಿಗುತ್ತಿರಲಿಲ್ಲ. ಈಗ ಓದಲು ಸಿಗುತ್ತದೆ, ಬರೆದದ್ದನ್ನು ತೆರೆದಿಡಲು ಕೈಯಲ್ಲಿ ಕಾಸಿಲ್ಲ. ಮನ್ನಾ ಕೇಳಿದೆ. ಪೂರ್ತಿ ಓಪನ್ ಆಕ್ಸೆಸ್ ಜರ್ನಲ್‌ಗಳಿಗೆ ಮಾತ್ರ ಮನ್ನಾ, ಇದು ಹೈಬ್ರಿಡ್ (ಕೆಲವು ಪೇಪರ್ ತೆರೆದು, ಉಳಿದವು ಚಂದಾದಾರರಿಗೆ ಮಾತ್ರ), ನಿಮಗೆ ಅನ್ವಯಿಸದು ಎಂದರು. ಒಂದೇ ಸಂಚಿಕೆಯಲ್ಲಿ ದೊಡ್ಡ ವಿಶ್ವವಿದ್ಯಾಲಯದವರ ಪೇಪರ್ ತೆರೆದಿರುತ್ತದೆ, ನಮ್ಮದು ಬೀಗದೊಳಗೆ. ಯಾರನ್ನು ಹೆಚ್ಚು ಜನ ಓದುತ್ತಾರೆ, ಯಾರನ್ನು ಉಲ್ಲೇಖಿಸುತ್ತಾರೆ ಎಂದು ಬೇರೆ ಹೇಳಬೇಕೇ? ಲೈಬ್ರರಿಗಳು ಈ ಒಪ್ಪಂದಗಳಿಗೆ ಸಹಿ ಹಾಕುವುದೇ ತಪ್ಪು ಎಂದು ನನಗನ್ನಿಸುತ್ತದೆ.

ಗ್ರಂಥಪಾಲಕಿ

ಸರ್, ನಿಮ್ಮ ನೋವು ನಿಜ. ಒಪ್ಪಂದದಲ್ಲಿ "ಲೇಖಕರಿಗೆ ಉಚಿತ" ಎಂಬ ಪದವೇ ನನಗೆ ಇಷ್ಟವಿಲ್ಲ. ಹಣ ಲೈಬ್ರರಿಯಿಂದ ಹೋಗುತ್ತದೆ, ಲೇಖಕರ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಜರ್ಮನಿಯ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಪರವಾಗಿ ಚೌಕಾಸಿ ಮಾಡುವ ಪ್ರೊಜೆಕ್ಟ್ ಡೀಲ್ 2019ರ ಜನವರಿಯಲ್ಲಿ ಪ್ರಕಾಶಕ ವೈಲಿ ಜೊತೆ ಸಹಿ ಹಾಕಿದಾಗ ಹೈಬ್ರಿಡ್ ಜರ್ನಲ್‌ನ ಒಂದು ಪೇಪರಿಗೆ 2,750 ಯೂರೋ ಎಂದು ನಿಗದಿಯಾಗಿತ್ತು. ನೇಚರ್ ಜರ್ನಲ್ 2021ರಿಂದ ಒಂದು ಪೇಪರಿಗೆ 9,500 ಯೂರೋ ಇಟ್ಟಿತು. ಈ ಮೊತ್ತ ಕಂಡಾಗ ಸಣ್ಣ ಸಂಸ್ಥೆಯ ಲೇಖಕ ಏನು ಮಾಡಬೇಕು? ಸಂಶೋಧನೆಗೆ ಹಣ ಕೊಡುವ ಸಂಸ್ಥೆಗಳ ಕೂಟ ಕೊಅಲಿಷನ್ ಎಸ್ ಕೂಡ, ಈ ಒಪ್ಪಂದಗಳು ಮಧ್ಯದ ಹಾದಿ ಮಾತ್ರ, 2024ರ ನಂತರ ನಮ್ಮ ಹಣ ಇಲ್ಲ ಎಂದು ಹೇಳಿತು. ಹೈಬ್ರಿಡ್ ಜರ್ನಲ್‌ಗಳು ಪೂರ್ತಿ ಓಪನ್ ಆಗಲಿ ಎಂದು ಹುಟ್ಟಿದ ಒಪ್ಪಂದಗಳು ಇವು. ಎಷ್ಟೋ ಜರ್ನಲ್‌ಗಳು ಇನ್ನೂ ಹೈಬ್ರಿಡ್ ಆಗಿಯೇ ಇವೆ.

ಆದರೂ ಸಹಿ ಹಾಕುವುದೇ ತಪ್ಪು ಎಂಬುದನ್ನು ನಾನು ಒಪ್ಪಲಾರೆ. ಚೌಕಾಸಿ ಮಾಡದೆ ಸಹಿ ಹಾಕುವುದು ತಪ್ಪು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಓದುವುದಕ್ಕೂ ಪ್ರಕಟಿಸುವುದಕ್ಕೂ ಸೇರಿ ಒಂದೇ ಕರಾರು ಬೇಕೆಂದು ಪಟ್ಟು ಹಿಡಿಯಿತು. ಪ್ರಕಾಶಕ ಎಲ್ಸೆವಿಯರ್ ಒಪ್ಪಲಿಲ್ಲ. 2019ರ ಫೆಬ್ರುವರಿಯಲ್ಲಿ ವಿಶ್ವವಿದ್ಯಾಲಯ ಮಾತುಕತೆಯಿಂದ ಎದ್ದುಬಂತು, ಜುಲೈನಲ್ಲಿ ಹೊಸ ಲೇಖನಗಳ ಪ್ರವೇಶ ನಿಂತಿತು. ಲೈಬ್ರರಿಯವರು ಇಷ್ಟು ಮಾಡಿದರೆ ಪ್ರಾಧ್ಯಾಪಕರು ತಿರುಗಿಬೀಳುತ್ತಾರೆ ಎಂಬ ಭಯ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಇರುತ್ತದೆ. ಅಲ್ಲಿ ಆದದ್ದು ಬೇರೆ. ಆಗಸ್ಟ್‌ನಲ್ಲಿ 30ಕ್ಕೂ ಹೆಚ್ಚು ಪ್ರಾಧ್ಯಾಪಕರು ಎಲ್ಸೆವಿಯರ್‌ನದೇ ಆದ ಸೆಲ್ ಪ್ರೆಸ್ ಜರ್ನಲ್‌ಗಳ ಸಂಪಾದಕ ಮಂಡಳಿಯ ಕೆಲಸ ನಿಲ್ಲಿಸಿ, ಕರಾರು ಆಗುವವರೆಗೆ ಬರುವುದಿಲ್ಲ ಎಂದರು. 2021ರ ಮಾರ್ಚ್‌ನಲ್ಲಿ ಕರಾರಾಯಿತು. ಮೇಜಿನಾಚೆ ಕೂತ ಪ್ರಕಾಶಕರಿಗೆ ಲೈಬ್ರರಿಯ ಹಿಂದೆ ಯಾರಿದ್ದಾರೆ ಎಂಬುದು ಗೊತ್ತಿರಬೇಕು ಸರ್. ನಾವು ಒಬ್ಬೊಬ್ಬರೇ ಹೋದರೆ ಅವರು ಹೇಳಿದ್ದೇ ಬೆಲೆ.

ಲೇಖಕರಿಂದ ಕಾಸು ಕೇಳದ ದಾರಿಯೂ ಇದೆ. ಆನ್ಯುಯಲ್ ರಿವ್ಯೂಸ್ ಎಂಬ ಪ್ರಕಾಶಕರ ಸಬ್‌ಸ್ಕ್ರೈಬ್ ಟು ಓಪನ್ ಎಂಬ ಪದ್ಧತಿಯಲ್ಲಿ, ಲೈಬ್ರರಿಗಳು ಎಂದಿನಂತೆ ಚಂದಾ ಕಟ್ಟುತ್ತವೆ, ಸಾಕಷ್ಟು ಚಂದಾ ಬಂದರೆ ಆ ವರ್ಷದ ಸಂಪುಟ ಜಗತ್ತಿಗೆಲ್ಲ ತೆರೆಯುತ್ತದೆ. ಕಣ ಭೌತಶಾಸ್ತ್ರದಲ್ಲಿ ಯುರೋಪಿನ ಪ್ರಯೋಗಾಲಯ ಸಿಇಆರ್‌ಎನ್ ಮುನ್ನಡೆಸುವ ಸ್ಕೋಆಪ್3 ಎಂಬ ಕೂಟ 2014ರಿಂದಲೇ ಲೈಬ್ರರಿಗಳ ಚಂದಾ ಹಣವನ್ನು ಒಟ್ಟುಮಾಡಿ ಪ್ರಕಟಣೆಯ ವೆಚ್ಚ ಕೊಡುತ್ತಿದೆ. ನನ್ನ ಕೈಯಲ್ಲಿ ಬಜೆಟ್ ಇದ್ದಿದ್ದರೆ ಮೊದಲು ಇಂಥವಕ್ಕೆ ಹಾಕುತ್ತಿದ್ದೆ.

ನಿಮ್ಮ ಪೇಪರಿಗೆ ಈಗಲೇ ಆಗುವ ಕೆಲಸ: ವಿಮರ್ಶಕರ ಸಲಹೆಯಂತೆ ತಿದ್ದಿ, ಅಕ್ಸೆಪ್ಟ್ ಆದ ನಿಮ್ಮ ವರ್ಡ್ ಫೈಲ್ ಇರುತ್ತದಲ್ಲ, ಅದನ್ನು ಜೋಪಾನ ಮಾಡಿ. ಪ್ರಕಾಶಕರ ಪಿಡಿಎಫ್ ಹಾಕುವಂತಿಲ್ಲ. ಈ ಫೈಲನ್ನು ಮಾತ್ರ ರೆಪಾಸಿಟರಿಯಲ್ಲಿ (ಪೇಪರ್‌ಗಳ ತೆರೆದ ಆನ್‌ಲೈನ್ ಸಂಗ್ರಹ) ಇಡಲು ಬಹಳಷ್ಟು ಜರ್ನಲ್‌ಗಳು ಬಿಡುತ್ತವೆ, ಕೆಲವು ಆರು ತಿಂಗಳೋ ಒಂದು ವರ್ಷವೋ ಕಾಯಿಸುತ್ತವೆ. ಓಪನ್ ಪಾಲಿಸಿ ಫೈಂಡರ್ ಎಂಬ ಜಾಲತಾಣದಲ್ಲಿ (ಹಿಂದೆ ಶೆರ್ಪಾ ರೋಮಿಯೋ ಎಂದಿತ್ತು) ಜರ್ನಲ್ ಹೆಸರು ಹಾಕಿದರೆ ನಿಯಮ ಸಿಗುತ್ತದೆ.

ಒಪ್ಪಂದವಿಲ್ಲದವನು

ಆ ಫೈಲ್ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿರಬೇಕು. ಇವತ್ತೇ ಹುಡುಕುತ್ತೇನೆ. ಧನ್ಯವಾದ ಮೇಡಂ.

ಮಣ್ಣುಜೀವಿ

ಮೇಡಂ, ನೀವು ಹೇಳಿದ್ದೇ ಸರಿ. ಗೈಡ್ ಜಿಮೇಲ್ ಕೊಟ್ಟಿದ್ದರು, ಸಂಸ್ಥೆಯ ಜಾಗದಲ್ಲಿ ವಿಭಾಗದ ಹೆಸರು ಮಾತ್ರ ಇತ್ತು. ಮೇಲ್ ಹಾಕಿದ ನಾಲ್ಕನೇ ದಿನ ಫಾರ್ಮ್ ಮತ್ತೆ ತೆರೆಯಿತು, ಮೊತ್ತದ ಜಾಗದಲ್ಲಿ ಸೊನ್ನೆ. ಲೈಬ್ರರಿಯವರು ಅದೇ ದಿನ ಒಪ್ಪಿಗೆ ಕೊಟ್ಟರು. ಸಿಸಿ ಬೈ ಆರಿಸಿದೆ. ಇನ್ನು ಸಾರಾಂಶವನ್ನು ಕನ್ನಡಕ್ಕೆ ಇಳಿಸಲು ಕೂತಿದ್ದೇನೆ, ಲಿಂಕ್ ಜೊತೆ ರೈತರಿಗೆ ಅದೂ ಹೋಗಬೇಕು.